ಡೇನಿಯಲ್ಸ್ ಸಾಹೇಬರ ಕಡತ

'ದಿ ವೈರ್' ನೋಡಿದವರೆಲ್ಲ ಅದನ್ನು ಡ್ರಗ್ಸ್ ಧಾರಾವಾಹಿ ಅನ್ನುತ್ತಾರೆ. ಸ್ವಲ್ಪ ಓದಿಕೊಂಡವರು, ಅಲ್ಲ, ಅದು ಒಂದು ನಗರದ ಕಥೆ ಅನ್ನುತ್ತಾರೆ. ನಾನು ಸರ್ಕಾರಿ ಇಲಾಖೆಯೊಂದರ ಸಿಬ್ಬಂದಿ ಶಾಖೆಯಲ್ಲಿ ವಿಷಯ ನಿರ್ವಾಹಕಿಯಾಗಿ ಸೇರಿ ಅಧೀಕ್ಷಕಿಯಾಗಿ ನಿವೃತ್ತಳಾದವಳು. ಜ್ಯೇಷ್ಠತಾ ಪಟ್ಟಿ, ಗೌಪ್ಯ ವರದಿ, ಡಿಪಿಸಿ (ಇಲಾಖಾ ಬಡ್ತಿ ಸಮಿತಿ) ನಡವಳಿ, ಇವುಗಳಲ್ಲೇ ತಲೆ ನರೆತದ್ದು. ನನ್ನ ಕಣ್ಣಿಗೆ ಅದು ಅಪ್ಪಟ ಬಡ್ತಿಯ ಕಥೆ. ಯಾರಿಗೆ ಯಾವ ಹುದ್ದೆ, ಯಾರು ತಪ್ಪಿಸಿದರು, ಯಾರ ಡ್ರಾಯರಿನಲ್ಲಿ ಯಾರ ಕಡತ ಕೂತಿದೆ: ಅರವತ್ತು ಕಂತೂ ಇದೇ. ಕಳ್ಳರು, ಕೊಲೆ, ಫೋನ್ ಕದ್ದಾಲಿಕೆ ಎಲ್ಲ ಈ ಜಗಳಕ್ಕೆ ನೆಪ.

ನೋಡದವರಿಗೆ ಎರಡು ಮಾತು. ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ 2002ರಿಂದ 2008ರವರೆಗೆ ಐದು ಸೀಸನ್ ಬಂತು. ನಡೆಯುವುದು ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರಿನಲ್ಲಿ. ಕಟ್ಟಿದವನು ಡೇವಿಡ್ ಸೈಮನ್, 'ಬಾಲ್ಟಿಮೋರ್ ಸನ್' ಪತ್ರಿಕೆಯ ಕ್ರೈಂ ವರದಿಗಾರನಾಗಿದ್ದವನು. 1988ರಲ್ಲಿ ಇಡೀ ವರ್ಷ ಅಲ್ಲಿನ ಕೊಲೆ ತನಿಖಾ ವಿಭಾಗದ ಜೊತೆಗೇ ಓಡಾಡಿದವನು. ಅವನ ಜೊತೆಗಾರ ಎಡ್ ಬರ್ನ್ಸ್ ಅದೇ ಪೊಲೀಸ್ ಇಲಾಖೆಯಲ್ಲಿ ಡಿಟೆಕ್ಟಿವ್ ಆಗಿದ್ದು, ಆಮೇಲೆ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾದವನು. ಕಚೇರಿಯೊಳಗೆ ಕೂತು ಅನುಭವಿಸಿದವನು ಇಲ್ಲದೆ ಇಂಥದ್ದನ್ನು ಬರೆಯಲಿಕ್ಕಾಗದು ಎಂದು ಮೊದಲ ಸೀಸನ್ ಅರ್ಧಕ್ಕೆ ಬರುವಷ್ಟರಲ್ಲೇ ನನಗೆ ಅನ್ನಿಸಿತ್ತು.

ನಮ್ಮ ಪೊಲೀಸ್ ಸಿನಿಮಾಗಳಲ್ಲಿ ಎತ್ತಂಗಡಿ ಆದೇಶ ಬರುತ್ತದೆ, ಹೀರೋ ಅದನ್ನು ಮಂತ್ರಿಯ ಮುಖಕ್ಕೇ ಹರಿದು ಎಸೆಯುತ್ತಾನೆ, ಚಪ್ಪಾಳೆ. ಆದರೆ ಬಡ್ತಿಗಾಗಿ ಕಾಯುವ ಇನ್‌ಸ್ಪೆಕ್ಟರನನ್ನು ಯಾರಾದರೂ ತೋರಿಸಿದ್ದಾರೆಯೇ? ಪಟ್ಟಿಯಲ್ಲಿ ತನ್ನ ಕ್ರಮಸಂಖ್ಯೆ ಹುಡುಕುವವನನ್ನು? ನಿಜವಾದ ಪೊಲೀಸರು, ನಿಜವಾದ ತಹಶೀಲ್ದಾರರು, ನಿಜವಾದ ಎಂಜಿನಿಯರುಗಳು ನನ್ನ ಟೇಬಲ್ಲಿನ ಎದುರು ಕೂತು ಟೀ ಕುಡಿಯುತ್ತ ಮಾತಾಡುತ್ತಿದ್ದದ್ದು ಅದೊಂದೇ ವಿಷಯ.

ಸೆಡ್ರಿಕ್ ಡೇನಿಯಲ್ಸ್‌ನಿಂದ ಶುರುಮಾಡುತ್ತೇನೆ. ಲ್ಯಾನ್ಸ್ ರೆಡಿಕ್ ಆ ಪಾತ್ರ ಮಾಡಿದ್ದು, 2023ರಲ್ಲಿ ತೀರಿಕೊಂಡ. ಬೆನ್ನು ನೆಟ್ಟಗೆ, ಶರ್ಟಿನಲ್ಲಿ ಒಂದು ಸುಕ್ಕಿಲ್ಲ, ಮಾತು ಅಳೆದು ತೂಗಿ. ಮಾದಕವಸ್ತು ವಿಭಾಗದ ಲೆಫ್ಟಿನೆಂಟ್. ಕಾನೂನು ಪದವಿಯೂ ಇದೆ. ಮೇಜರ್ ಹುದ್ದೆಗೆ ಇನ್ನೇನು ಅವನದೇ ಸರದಿ. ಆ ಹೊತ್ತಿಗೆ ಜಡ್ಜ್ ಒಬ್ಬರ ಒತ್ತಾಯಕ್ಕೆ ಇಲಾಖೆ ಒಂದು ವಿಶೇಷ ತಂಡ ಕಟ್ಟಬೇಕಾಗಿ ಬರುತ್ತದೆ. ಉಪ ಆಯುಕ್ತ ಬರೆಲ್ ಆ ತಂಡವನ್ನು ಡೇನಿಯಲ್ಸ್ ತಲೆಗೆ ಕಟ್ಟುತ್ತಾನೆ. ಬಾಯಿ ಬಿಟ್ಟು ಹೇಳದ ಸೂಚನೆ ಇಷ್ಟು: ಮಾಡಿದಂತೆ ಮಾಡು, ಆಳಕ್ಕೆ ಇಳಿಯಬೇಡ, ನಾಲ್ಕು ಜನರನ್ನು ಹಿಡಿದು ಮುಗಿಸು, ನಿನ್ನ ಮೇಜರ್ ಹುದ್ದೆ ಎಲ್ಲಿಗೂ ಹೋಗುವುದಿಲ್ಲ.

ತಂಡಕ್ಕೆ ಸಿಬ್ಬಂದಿ ಬರುವ ಪ್ರಸಂಗ ನನಗೆ ಅತಿ ಪ್ರಿಯ. ಎಲ್ಲ ವಿಭಾಗಗಳಿಂದ ಜನ ಕಳಿಸಿ ಎಂದು ಪತ್ರ ಹೋಗಿದೆ. ಯಾವ ಮುಖ್ಯಸ್ಥ ತನ್ನ ಒಳ್ಳೆಯ ಕೆಲಸಗಾರನನ್ನು ಬಿಟ್ಟುಕೊಟ್ಟಾನು? ಕುಡಿತದವರು ಇಬ್ಬರು, ನಿವೃತ್ತಿಯ ದಿನ ಎಣಿಸುವವರು, ಒಬ್ಬ ಮೇಜರನ ಅಳಿಯ ಎಂಬ ಒಂದೇ ಕಾರಣಕ್ಕೆ ಕೆಲಸದಲ್ಲಿ ಉಳಿದಿರುವ ಹುಡುಗ. ನಮ್ಮಲ್ಲೂ ಚುನಾವಣೆ ಕೆಲಸಕ್ಕೆ, ಜನಗಣತಿಗೆ, ಯಾವುದೋ ಹೊಸ ಕೋಶಕ್ಕೆ ನಿಯೋಜನೆ ಮೇಲೆ ಸಿಬ್ಬಂದಿ ಕೇಳಿದಾಗ ಬರುತ್ತಿದ್ದ ಹೆಸರುಗಳು ಇಂಥವೇ. ಪತ್ರದಲ್ಲಿ 'ಅನುಭವಿ ನೌಕರರು' ಎಂದು ಬರೆದಿರುತ್ತಿದ್ದರು. ಅನುಭವ ಯಾವುದರಲ್ಲಿ ಎಂದು ಬರೆಯುತ್ತಿರಲಿಲ್ಲ.

ಹಾಗೆ ಬಂದ ಕಸದಲ್ಲಿ ಒಂದು ರತ್ನ ಇತ್ತು. ಲೆಸ್ಟರ್ ಫ್ರೀಮನ್. ಮೂಲೆಯಲ್ಲಿ ಕೂತು ಬೊಂಬೆಮನೆಯ ಪುಟ್ಟ ಕುರ್ಚಿ ಮೇಜು ಕೆತ್ತುವ ಹಿರಿಯ. ಯಾರೂ ಅವನನ್ನು ಲೆಕ್ಕಕ್ಕೇ ಇಟ್ಟಿಲ್ಲ. ಯಾರ ಬಳಿಯೂ ಇಲ್ಲದ ದೊಡ್ಡ ಆರೋಪಿಯ ಫೋಟೋ ಎಲ್ಲಿಂದಲೋ ಹುಡುಕಿ ತಂದಾಗಲೇ ಎಲ್ಲರೂ ತಿರುಗಿ ನೋಡುತ್ತಾರೆ. ಹಿಂದೆ ಅವನು ಕೊಲೆ ವಿಭಾಗದಲ್ಲಿದ್ದವನು. ಒಂದು ಪ್ರಕರಣದಲ್ಲಿ ಮೇಲಿನವರು ಬೇಡವೆಂದರೂ ಪ್ರಭಾವಿಯೊಬ್ಬರ ಮಗನನ್ನು ಸಾಕ್ಷಿ ಕಟಕಟೆಗೆ ಹತ್ತಿಸಿದ. ಶಿಕ್ಷೆಯಾಗಿ ಗಿರವಿ ಅಂಗಡಿಗಳ ಲೆಕ್ಕ ನೋಡುವ ವಿಭಾಗಕ್ಕೆ ಹಾಕಿದರು. ಎಷ್ಟು ಕಾಲ ಅಲ್ಲಿದ್ದೆ ಎಂದು ಕೇಳಿದರೆ ಅವನ ಉತ್ತರ: ಹದಿಮೂರು ವರ್ಷ, ನಾಲ್ಕು ತಿಂಗಳು.

ಆ 'ನಾಲ್ಕು ತಿಂಗಳು' ಕೇಳಿ ನಾನು ವಿಡಿಯೋ ನಿಲ್ಲಿಸಿಬಿಟ್ಟೆ. ಹೊರಗಿನವನಾದರೆ ಹದಿಮೂರು ವರ್ಷ ಎಂದು ಬರೆದು ಸುಮ್ಮನಾಗುತ್ತಿದ್ದ. ಮೂಲೆಗುಂಪಾದ ನೌಕರ ಮಾತ್ರ ತಿಂಗಳನ್ನೂ ಬಿಡದೆ ಹೇಳುತ್ತಾನೆ. ಸೇವಾ ಪುಸ್ತಕ ತೆರೆಯುವುದೇ ಬೇಡ, ಅವರ ಬಾಯಲ್ಲೇ ಇರುತ್ತದೆ. ಉಗ್ರಾಣ ಶಾಖೆಗೆ ಹಾಕಿಸಿಕೊಂಡ ನಮ್ಮ ಸಹೋದ್ಯೋಗಿಯೊಬ್ಬರು ಹೀಗೆಯೇ ಹೇಳುತ್ತಿದ್ದರು. ಅವರು ದಿನವನ್ನೂ ಸೇರಿಸುತ್ತಿದ್ದರು.

ಫ್ರೀಮನ್ ಕಿರಿಯ ಡಿಟೆಕ್ಟಿವ್ ಮೆಕ್ನಲ್ಟಿಗೆ ಒಂದು ಬುದ್ಧಿಮಾತು ಹೇಳುತ್ತಾನೆ. ಈ ಕೇಸ್ ಮುಗಿದ ಮೇಲೆ ಅವರು ನಿನ್ನನ್ನು ಕರೆದು, ಎಲ್ಲಿಗೆ ಹೋಗಲು ಇಷ್ಟ ಎಂದು ಕೇಳುತ್ತಾರೆ, ಬಾಯಿ ಮುಚ್ಚಿಕೊಂಡಿರು. ಮೆಕ್ನಲ್ಟಿ ಬಾಯಿ ಮುಚ್ಚುವ ಜಾತಿಯೇ ಅಲ್ಲ. ಮೊದಲ ಸೀಸನ್ ಮುಗಿಯುವಾಗ ಬಂದರಿನ ಗಸ್ತು ದೋಣಿಯ ಮೇಲೆ ಚಳಿಯಲ್ಲಿ ನಿಂತಿರುತ್ತಾನೆ.

ಡೇನಿಯಲ್ಸ್? ಕೇಸಿನ ಆಳಕ್ಕೆ ಇಳಿದ. ಇಳಿದ ಜಾಗದಲ್ಲಿ ರಾಜಕಾರಣಿಯ ಕಾರಿನಲ್ಲಿ ದುಡ್ಡು ಸಿಕ್ಕಿತು. ಬರೆಲ್ ಕೊಠಡಿಗೆ ಕರೆಸಿ, ನಿನ್ನ ಹಳೆಯ ವಿಷಯ ನನಗೆ ಗೊತ್ತು ಎಂದ. ಡೇನಿಯಲ್ಸ್ ಹಿಂದೆ ಈಸ್ಟರ್ನ್ ಡಿಸ್ಟ್ರಿಕ್ಟ್‌ನಲ್ಲಿದ್ದಾಗ ಅಲ್ಲಿನ ಡ್ರಗ್ಸ್ ತಂಡದ ಕೈ ಶುದ್ಧವಿರಲಿಲ್ಲ, ಅವನ ಬಳಿಯೂ ಲೆಕ್ಕ ಸಿಗದ ಹಣ ಇತ್ತು, ಎಫ್‌ಬಿಐ ನೋಡಿತ್ತು, ಆದರೆ ಆರೋಪ ಹೊರಿಸಿರಲಿಲ್ಲ. ಡೇನಿಯಲ್ಸ್ ಅಂಜಲಿಲ್ಲ. ಹೊರಗೆ ಹಾಕು, ಪೇಪರಿನಲ್ಲಿ ನಿನ್ನ ಇಲಾಖೆಯ ಹೆಸರೇ ಬರುತ್ತದೆ ಎಂಬ ಧಾಟಿಯಲ್ಲಿ ನಿಂತುಬಿಟ್ಟ. ಕಡತ ಹೊರಗೆ ಬರಲಿಲ್ಲ, ಬಡ್ತಿಯೂ ಬರಲಿಲ್ಲ. ಬೇರೊಬ್ಬ ಲೆಫ್ಟಿನೆಂಟ್ ಮೇಜರ್ ಆದ. ಡೇನಿಯಲ್ಸ್ ನೆಲಮಾಳಿಗೆಯ ಸಾಕ್ಷ್ಯ ಸಂಗ್ರಹದ ಕೋಣೆಗೆ ಹೋದ.

ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು. ಅಲ್ಲಿ ಸಾರ್ಜೆಂಟ್, ಲೆಫ್ಟಿನೆಂಟ್ ಆಗುವವರೆಗೆ ಪರೀಕ್ಷೆ ಇದೆ, ನಮ್ಮಲ್ಲಿ ಅಕೌಂಟ್ಸ್ ಹೈಯರ್, ಜನರಲ್ ಲಾ ಪಾಸು ಮಾಡಿಕೊಳ್ಳುವ ಹಾಗೆ. ಅದರ ಮೇಲೆ ಮೇಜರ್, ಕರ್ನಲ್, ಉಪ ಆಯುಕ್ತ ಎಲ್ಲ ಮೇಲಿನವರ ಮರ್ಜಿ. ಕೊಟ್ಟವರು ಕಿತ್ತುಕೊಳ್ಳಲೂಬಹುದು. ಮೂರನೇ ಸೀಸನ್ನಿನಲ್ಲಿ ಮೇಜರ್ ಕಾಲ್ವಿನ್‌ಗೆ ಆದದ್ದು ಅದೇ. ಮೂವತ್ತು ವರ್ಷದ ಸೇವೆ ತುಂಬಿಸಿ ಹೊರಡಬೇಕಿದ್ದವನು, ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಭದ್ರತೆಯ ಕೆಲಸವೂ ಕಾಯುತ್ತಿತ್ತು. ತನ್ನ ವ್ಯಾಪ್ತಿಯ ಖಾಲಿ ಬೀದಿಗಳಲ್ಲಿ ಡ್ರಗ್ಸ್ ಮಾರಿದರೆ ಹಿಡಿಯುವುದಿಲ್ಲ ಎಂದು ಗುಟ್ಟಾಗಿ ಬಿಟ್ಟು, ಉಳಿದ ಬೀದಿಗಳನ್ನು ಜನರಿಗೆ ವಾಪಸು ಕೊಡುವ ಸಾಹಸ ಮಾಡಿದ. ಬಯಲಾಯಿತು. ಅವನನ್ನು ಲೆಫ್ಟಿನೆಂಟ್ ದರ್ಜೆಗೆ ಇಳಿಸಿ ಆ ದರ್ಜೆಯ ಪಿಂಚಣಿಯಲ್ಲೇ ಮನೆಗೆ ಕಳಿಸಿದರು, ಹಾಪ್ಕಿನ್ಸ್ ಕೆಲಸವೂ ಕೈತಪ್ಪಿತು. ಕೊನೆಯ ವೇತನದ ಮೇಲೆ ಪಿಂಚಣಿ ನಿಂತಿರುವವರಿಗೆ ಈ ಏಟು ಎಂಥದೆಂದು ವಿವರಿಸಬೇಕಿಲ್ಲ. ಗುಂಡೇಟು ತಿಂದ ಪಾತ್ರಗಳನ್ನು ನೋಡಿ ಸುಮ್ಮನಿದ್ದ ನಾನು ಆ ದೃಶ್ಯಕ್ಕೆ "ಅಯ್ಯೋ ಪಾಪಿಗಳಾ" ಅಂದಿದ್ದೆ.

ಈಗ ಕಿಟಕಿಯ ಕಥೆ. ಎರಡನೇ ಸೀಸನ್ ಪೂರ್ತಿ ನಿಂತಿರುವುದು ಚರ್ಚಿನ ಒಂದು ಕಿಟಕಿಯ ಮೇಲೆ. ಆಗ್ನೇಯ ಡಿಸ್ಟ್ರಿಕ್ಟ್‌ನ ಮೇಜರ್ ಸ್ಟಾನ್ ವಾಲ್ಚೆಕ್ ಪೋಲಿಷ್ ಮೂಲದವನು. ತಮ್ಮ ಚರ್ಚಿಗೆ ಪೊಲೀಸರ ಹೆಸರಿನಲ್ಲಿ ಬಣ್ಣದ ಗಾಜಿನ ಕಿಟಕಿ ಕೊಡಿಸಲು ಹೋದ. ಅಷ್ಟರಲ್ಲಿ ಬಂದರು ಕಾರ್ಮಿಕರ ಸಂಘದ ಮುಖಂಡ ಫ್ರಾಂಕ್ ಸೊಬೊಟ್ಕಾ ಆ ಜಾಗದಲ್ಲಿ ತಮ್ಮ ಕಿಟಕಿ ಕೂರಿಸಿಯಾಗಿತ್ತು. ಅಷ್ಟೇ ಜಗಳ. ವಾಲ್ಚೆಕ್ ಮೊದಲು ಕಾರ್ಮಿಕರ ಕಾರುಗಳಿಗೆಲ್ಲ ದಂಡದ ಚೀಟಿ ಅಂಟಿಸಿದ. ಅವರು ಬಿಟ್ಟಾರೆಯೇ? ಅವನ ಡಿಸ್ಟ್ರಿಕ್ಟ್‌ನ ನಿಗಾ ವ್ಯಾನನ್ನೇ ಕದ್ದು ಕಂಟೇನರಿಗೆ ತುಂಬಿ ಹಡಗು ಹತ್ತಿಸಿದರು. ಬೇರೆ ಬೇರೆ ದೇಶದ ಬಂದರುಗಳಿಂದ ಆ ವ್ಯಾನಿನ ಫೋಟೋ ಅವನ ಟೇಬಲ್ಲಿಗೆ ಬರತೊಡಗಿತು.

ಸೊಬೊಟ್ಕಾನ ಮೇಲೆ ತನಿಖಾ ತಂಡ ಬೇಕು ಎಂದು ವಾಲ್ಚೆಕ್ ಕೇಳಿದ್ದು ಇದೇ ಸಿಟ್ಟಿಗೆ. ಅವನ ಅದೃಷ್ಟಕ್ಕೆ ಬರೆಲ್ ಆಗ ಹಂಗಾಮಿ ಆಯುಕ್ತ. ಕಾಯಂ ಆಗಲು ನಗರ ಸಭೆಯ ಮತ ಬೇಕು. ಮೊದಲ ವಾರ್ಡಿನ ಸದಸ್ಯರು ವಾಲ್ಚೆಕ್‌ಗೆ ಬೇಕಾದವರು.

ನಮ್ಮಲ್ಲಿ ಕೆಸಿಎಸ್‌ಆರ್ ಅಂದರೆ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯಲ್ಲಿ ನಿಯಮ 32 ಅಂತ ಇದೆ. ಖಾಲಿ ಹುದ್ದೆಗೆ ಬಡ್ತಿ ಕೊಡದೆ ಕೆಳಗಿನವರನ್ನು ಪ್ರಭಾರದಲ್ಲಿ ಕೂರಿಸಿ ಕೆಲಸ ನಡೆಸುವ ದಾರಿ. "ಅವರು ಮೂವತ್ತೆರಡರಲ್ಲಿದಾರೆ ಕಣ್ರೀ" ಎಂದರೆ ಸಾಕು, ಉಳಿದದ್ದು ಅರ್ಥವಾಗುತ್ತದೆ. ಕುರ್ಚಿ ಇದೆ, ಹುದ್ದೆ ಇಲ್ಲ. ಶಾಸಕರ ಪತ್ರ ಬಂದರೂ ಬೆವರು, ಒಕ್ಕೂಟದವರು ಬಂದರೂ ಬೆವರು, ಡ್ರೈವರ್ ಮುಖ ಗಂಟಿಕ್ಕಿದರೂ ಬೆವರು. ಕಾಯಂ ಆದ ಮರುದಿನ ಅದೇ ಮನುಷ್ಯನ ಗಂಟಲು ಬೇರೆ. ಬರೆಲ್ ಆ ಮೂವತ್ತೆರಡರ ದಿನಗಳಲ್ಲಿ ವಾಲ್ಚೆಕ್ ಕೇಳಿದ್ದಕ್ಕೆಲ್ಲ ಹೂಂ ಎಂದ. ಮೊದಲು ಕೊಟ್ಟದ್ದು ಮತ್ತೆ ಮೂಲೆಯ ಸರಕು. ವಾಲ್ಚೆಕ್ ರೇಗಿದ ಮೇಲೆ ಡೇನಿಯಲ್ಸ್‌ನನ್ನು ನೆಲಮಾಳಿಗೆಯಿಂದ ಎತ್ತಿ ತರಬೇಕಾಯಿತು. ರಾಜೀನಾಮೆ ಕೊಟ್ಟು ವಕೀಲಿಕೆಗೆ ಹೊರಟಿದ್ದವನು ಬಿಗಿಯಾಗಿ ಚೌಕಾಶಿ ಮಾಡಿದ: ಈ ಕೇಸ್ ಮಾಡುತ್ತೇನೆ, ಆಮೇಲೆ ನನಗೆ ನನ್ನದೇ ಕಾಯಂ ತಂಡ, ಮತ್ತು ಮೇಜರ್ ಹುದ್ದೆ.

ಅಂದರೆ ಬಾಲ್ಟಿಮೋರಿನ ಒಬ್ಬ ಯೋಗ್ಯ ಅಧಿಕಾರಿಗೆ ಜೀವ ಬಂದದ್ದು ಅವನ ಯೋಗ್ಯತೆಯಿಂದಲ್ಲ. ಗಾಜಿನ ಕಿಟಕಿಗೆ ಜಾಗ ಸಿಗದ ಇನ್ನೊಬ್ಬನ ಹೊಟ್ಟೆಯುರಿಯಿಂದ. ಇದನ್ನು ಅತಿಶಯೋಕ್ತಿ ಅನ್ನುವವರು ಯಾವ ಕಚೇರಿಯಲ್ಲೂ ಕೆಲಸ ಮಾಡಿಲ್ಲ.

ಆ ಮೇಜರ್ ಹುದ್ದೆ ಆಗಲೂ ಬರಲಿಲ್ಲ. ಕಾರಣ ಹೆಂಡತಿ. ಮಾರ್ಲಾ ನಗರ ಸಭೆಗೆ ನಿಂತಳು, ಮೇಯರ್ ರಾಯ್ಸ್ ಬಣದ ಹಾಲಿ ಸದಸ್ಯೆಯ ವಿರುದ್ಧ. ಗಂಡ ಹೆಂಡಿರಿಬ್ಬರೂ ಆ ಹೊತ್ತಿಗೆ ಬೇರೆಬೇರೆ ವಾಸ. ಆದರೂ ಡೇನಿಯಲ್ಸ್ ಸಮವಸ್ತ್ರ ಹಾಕಿ ಅವಳ ಸಭೆಗಳಲ್ಲಿ ಪಕ್ಕದಲ್ಲಿ ನಿಲ್ಲುತ್ತಾನೆ. ಕಡತ ಮೇಯರ್ ಕಚೇರಿಯಲ್ಲಿ ಮಲಗಿತು. 'ಪರಿಶೀಲನೆಯಲ್ಲಿದೆ' ಎಂಬ ನಮ್ಮ ಸರ್ವೌಷಧದ ಅಮೆರಿಕನ್ ರೂಪ ಏನೋ ಇರಬೇಕು. ಮೂರನೇ ಸೀಸನ್ ಮುಗಿಯುವಾಗ ಕೊನೆಗೂ ಮೇಜರ್ ಆದ.

ಅದೇ ಸೀಸನ್ನಿನಲ್ಲಿ ಕಾಮ್‌ಸ್ಟಾಟ್ ಸಭೆಗಳಿವೆ. ನಡೆದ ಅಪರಾಧಗಳ ಅಂಕಿ ಅಂಶವನ್ನು ಪರದೆಯ ಮೇಲೆ ಹಾಕಿ ಡಿಸ್ಟ್ರಿಕ್ಟ್ ಮುಖ್ಯಸ್ಥರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಕೇಳುವ ಪದ್ಧತಿ. ಇದು ಕಲ್ಪನೆಯಲ್ಲ. 1994ರಲ್ಲಿ ನ್ಯೂಯಾರ್ಕಿನಲ್ಲಿ ಬಿಲ್ ಬ್ರಾಟನ್ ಆಯುಕ್ತನಾಗಿದ್ದಾಗ, ಜ್ಯಾಕ್ ಮೇಪಲ್ ಎಂಬ ಅಧಿಕಾರಿಯ ತಲೆಯಲ್ಲಿ ಹುಟ್ಟಿದ್ದು. ಅಲ್ಲಿಂದ ಬಾಲ್ಟಿಮೋರಿಗೆ ಬಂತು. ನ್ಯೂಯಾರ್ಕಿನಿಂದ ಬಂದು 2000ದಲ್ಲಿ ಬಾಲ್ಟಿಮೋರಿನ ಆಯುಕ್ತನಾದ ಎಡ್ ನಾರಿಸ್ ಈ ಧಾರಾವಾಹಿಯಲ್ಲೇ ಅದೇ ಹೆಸರಿನ ಸಾಮಾನ್ಯ ಡಿಟೆಕ್ಟಿವ್ ಆಗಿ ನಟಿಸಿದ್ದಾನೆ. ನಿಜವಾದ ಆಯುಕ್ತ ಪರದೆಯ ಮೇಲೆ ಕೆಳದರ್ಜೆಗೆ ಇಳಿದು, ಮೇಲಿನವರನ್ನು ಬೈದುಕೊಂಡು ಓಡಾಡುವುದು! ಈ ತಮಾಷೆ ಗೊತ್ತಾದ ಮೇಲೆ ಆ ದೃಶ್ಯಗಳನ್ನು ಮತ್ತೆ ಹಾಕಿ ನೋಡಿದೆ.

ಧಾರಾವಾಹಿಯ ಸಭೆಯಲ್ಲಿ ಮಾತಿನ ಚಾಟಿ ಬೀಸುವವನು ರಾಲ್ಸ್, ಮೆಕ್ನಲ್ಟಿಯನ್ನು ದೋಣಿಗೆ ಹಾಕಿದ ಮೇಲಧಿಕಾರಿ. ಅಪರಾಧ ಶೇಕಡಾ 5 ಇಳಿಯಬೇಕು, ವರ್ಷದ ಕೊಲೆ 275ರೊಳಗೆ ಇರಬೇಕು ಎಂದು ಮೇಲಿನ ಹುಕುಂ. ಕೊಲೆಯ ಹೆಣ ಮುಚ್ಚಿಡಲಾಗದು. ಹಲ್ಲೆಯನ್ನು ಸಣ್ಣ ಜಗಳ ಎಂದು ಬರೆಯಬಹುದು. ಹಾಗೆ ಬರೆದವನು ಉಳಿದ. ಬರೆಯದೆ ನಿಂತು ಬೆವರಿದ ಮೇಜರ್ ಅಲ್ಲೇ ಹುದ್ದೆ ಕಳೆದುಕೊಂಡ. ಸರ್ಕಾರಿ ಯೋಜನೆಗಳ ಪ್ರಗತಿ ನೋಡುವ ನಮ್ಮ ಕೆಡಿಪಿ ಸಭೆಗಳಲ್ಲಿ 'ಶೇಕಡಾ 100 ಪ್ರಗತಿ' ಎಂಬ ಕಾಲಂ ತುಂಬಿಸಿದ ಎಷ್ಟೋ ಜನ ಇದನ್ನು ನೋಡಿದರೆ ಮುಸಿಮುಸಿ ನಗುತ್ತಾರೆ.

ನನ್ನ ಅಣ್ಣನ ಮಗ, ಐಟಿ ಕಂಪನಿಯವನು, ಈ ಧಾರಾವಾಹಿ ತಂದುಕೊಟ್ಟವನೂ ಅವನೇ, ರಾಲ್ಸ್ ಅಂದರೆ ಉರಿದು ಬೀಳುತ್ತಾನೆ. ಅವನ ಹೀರೋ ಮೆಕ್ನಲ್ಟಿ.

"ಅತ್ತೆ, ಇಡೀ ಇಲಾಖೆಯಲ್ಲಿ ಕೆಲಸ ಮಾಡೋನು ಅವನೊಬ್ಬ. ಅವನಿಗೆ ಬಡ್ತಿ ಆಸೇನೂ ಇಲ್ಲ."

"ಬಡ್ತಿ ಬೇಡ ಅನ್ನೋರನ್ನ ನಾನು ಬಹಳ ಕಂಡಿದೀನಿ ಕಣೋ. ಅವರಿಗೆ ಬೇಕಾಗಿರೋದು ಇನ್ನೂ ದುಬಾರಿದು."

"ಏನದು?"

"ಇಲ್ಲಿರೋರೆಲ್ಲ ದಡ್ಡರು, ನಾನೊಬ್ಬನೇ ಜಾಣ ಅಂತ ಎಲ್ಲರೂ ಒಪ್ಪಬೇಕು."

ಅವನು ಒಪ್ಪಲಿಲ್ಲ, ನಿಮಗೆ ಎಲ್ಲೆಲ್ಲೂ ಫೈಲೇ ಕಾಣುತ್ತೆ ಅಂದ. ಇರಬಹುದು. ಆದರೆ ಬಂದರಿನ ಕಂಟೇನರಿನಲ್ಲಿ ಸತ್ತ ಹೆಣ್ಣುಮಕ್ಕಳ ಪ್ರಕರಣ ನೋಡಿ. ಅದು ಕೊಲೆಯೆಂದೂ, ತಮ್ಮ ನಗರದ ವ್ಯಾಪ್ತಿಯಲ್ಲೇ ನಡೆದಿದೆಯೆಂದೂ ಗಾಳಿ, ಉಬ್ಬರ ಇಳಿತದ ಲೆಕ್ಕ ಹಾಕಿ ಮೆಕ್ನಲ್ಟಿ ಸಾಬೀತು ಮಾಡುತ್ತಾನೆ. ಹದಿನಾಲ್ಕು ಕೊಲೆ ಕೇಸು ಒಂದೇ ಏಟಿಗೆ ರಾಲ್ಸ್ ತಲೆಯ ಮೇಲೆ. ಲೆಕ್ಕ ಸರಿ, ಸತ್ಯವೂ ಸರಿ. ಆದರೆ ಮಾಡಿದ್ದು ಆ ಹೆಣ್ಣುಮಕ್ಕಳಿಗಾಗಿಯೋ, ದೋಣಿಗೆ ಹಾಕಿದವನ ವರ್ಷಾಂತ್ಯದ ಅಂಕಿ ಕೆಡಿಸಲಿಕ್ಕೋ? ಕೇಸು ಬಿದ್ದದ್ದು ಅವನ ಹಳೆಯ ಸ್ನೇಹಿತರಾದ ಬಂಕ್ ಮತ್ತು ಫ್ರೀಮನ್ ಬೆನ್ನಿಗೆ.

ಆಮೇಲೆ ರಾಲ್ಸ್. ಮೊದಲ ಸೀಸನ್ನಿನಲ್ಲಿ ಕೀಮಾ ಎಂಬ ಡಿಟೆಕ್ಟಿವ್‌ಗೆ ಗುಂಡು ಬೀಳುತ್ತದೆ. ಮೆಕ್ನಲ್ಟಿ ನನ್ನಿಂದಲೇ ಆಯಿತು ಎಂದು ಆಸ್ಪತ್ರೆಯಲ್ಲಿ ಕುಸಿದು ಕೂತಿದ್ದಾನೆ. ರಾಲ್ಸ್ ಬಂದು ಪಕ್ಕದಲ್ಲಿ ಕೂರುತ್ತಾನೆ. ನಿನ್ನನ್ನು ನಾನು ದ್ವೇಷಿಸುತ್ತೇನೆ, ನಿನ್ನ ಮೇಲೆ ತಪ್ಪು ಹೊರಿಸಲು ಅವಕಾಶವಿದ್ದರೆ ಬಿಡುತ್ತಿರಲಿಲ್ಲ, ಆದರೆ ಇದು ನಿನ್ನ ತಪ್ಪಲ್ಲ, ಎನ್ನುವ ಅರ್ಥದ ಮಾತು, ಅವನದೇ ಕೊಳಕು ಭಾಷೆಯಲ್ಲಿ. ಇಡೀ ಧಾರಾವಾಹಿಯಲ್ಲಿ ಯಾರೂ ಯಾರಿಗೂ ಇಷ್ಟು ಪ್ರಾಮಾಣಿಕ ಸಮಾಧಾನ ಹೇಳಿಲ್ಲ. ಅದೇ ರಾಲ್ಸ್ ಕೇಸು ಮುಗಿದ ಮೇಲೆ ದೋಣಿ ಹತ್ತಿಸುತ್ತಾನೆ. ಇಂಥ ಮೇಲಧಿಕಾರಿಯೊಬ್ಬರ ಕೈಕೆಳಗೆ ನಾನೂ ಕೆಲಸ ಮಾಡಿದ್ದೇನೆ. ನಮ್ಮಪ್ಪ ತೀರಿಕೊಂಡಾಗ ಊರಿಗೆ ಕಾರು ಮಾಡಿಸಿ ಕಳಿಸಿದವರು, ಮುಂದಿನ ತಿಂಗಳು ನನ್ನ ಗೌಪ್ಯ ವರದಿಯಲ್ಲಿ 'ಸಾಧಾರಣ' ಎಂದು ಬರೆದರು.

ನಾಲ್ಕನೇ ಸೀಸನ್ನಿನಿಂದ ಓಟ ಜೋರು. ಕಾರ್ಸೆಟ್ಟಿ ಹೊಸ ಮೇಯರ್, ಬಿಳಿಯ. ಬರೆಲ್‌ನನ್ನು ತೆಗೆಯುವ ಆಸೆ. ರಾಲ್ಸ್ ಆ ಕುರ್ಚಿ ತನ್ನದೇ ಎಂದುಕೊಂಡಿದ್ದಾನೆ. ಆದರೆ ಕಪ್ಪುಜನರೇ ಹೆಚ್ಚಿರುವ ನಗರದಲ್ಲಿ ಬಿಳಿಯ ಮೇಯರ್ ಕಪ್ಪು ಆಯುಕ್ತನನ್ನು ತೆಗೆದು ಬಿಳಿಯನನ್ನು ಕೂರಿಸಿದರೆ ಮುಂದಿನ ಚುನಾವಣೆಯ ಗತಿ? ಹಾಗಾಗಿ ಡೇನಿಯಲ್ಸ್ ಸರ್ರನೆ ಮೇಲೇರುತ್ತಾನೆ: ಮೇಜರ್, ಕರ್ನಲ್, ಆಮೇಲೆ ಉಪ ಆಯುಕ್ತ. ರಾಲ್ಸ್‌ಗೆ ಈ ಲೆಕ್ಕ ಬಿಡಿಸಿ ಹೇಳುವವನು ಬರೆಲ್, ತುಸು ಖುಷಿಯಿಂದಲೇ. ನಮ್ಮಲ್ಲಿ ಬಡ್ತಿ ಮೀಸಲಾತಿಗೆ ಕಾಯ್ದೆ ಇದೆ, ಯಾವ ಸರದಿಯ ಹುದ್ದೆ ಯಾವ ವರ್ಗಕ್ಕೆ ಎಂದು ಹೇಳುವ ರೋಸ್ಟರ್ ಬಿಂದು ಇದೆ, ಕೋರ್ಟಿನಲ್ಲಿ ಬಹಿರಂಗ ವಾದ ಇದೆ. ಹಳೆಯ ಕಾಯ್ದೆಯನ್ನು ಹೊಡೆದುಹಾಕಿದ ಬಿ.ಕೆ. ಪವಿತ್ರ ಪ್ರಕರಣದ 2017ರ ತೀರ್ಪಿನ ಮೇಲೆ ಜ್ಯೇಷ್ಠತಾ ಪಟ್ಟಿ ತಿರುಗಾಮುರುಗಾ ಮಾಡಿ, 2019ರಲ್ಲಿ ಸುಪ್ರೀಂ ಕೋರ್ಟು ಹೊಸ ಕಾಯ್ದೆ ಎತ್ತಿಹಿಡಿದ ಮೇಲೆ ಮತ್ತೆ ಸರಿಮಾಡಿ ನಮ್ಮ ಶಾಖೆಯವರ ಬೆನ್ನು ಮುರಿದಿತ್ತು. ಬೈದುಕೊಂಡೇ ಮಾಡಿದೆವು, ಆದರೆ ಎಲ್ಲ ಕಾಗದದ ಮೇಲಿತ್ತು. ಯಾರು ಬೇಕಾದರೂ ಓದಿ ಆಕ್ಷೇಪಣೆ ಹಾಕಬಹುದಿತ್ತು. ಬಾಲ್ಟಿಮೋರಿನಲ್ಲಿ ಕಪ್ಪು ಬಿಳುಪಿನ ಲೆಕ್ಕ ಬಾಗಿಲು ಹಾಕಿಕೊಂಡು ಪಿಸುಗುಡುವಂಥದ್ದು. ಆಕ್ಷೇಪಣೆ ಎಲ್ಲಿ ಸಲ್ಲಿಸುವುದು?

ನನಗೆ ಎಲ್ಲಕ್ಕಿಂತ ನಾಟಿದ್ದು ದೊಡ್ಡವರ ಈ ಓಟವಲ್ಲ, ಕಾರ್ವರ್ ಮತ್ತು ಹರ್ಕ್ ಜೋಡಿ. ಒಂದೇ ಕಾರಿನಲ್ಲಿ ತಿರುಗುವ ಗೆಳೆಯರು. ಮೊದಲ ಸೀಸನ್ನಿನಲ್ಲಿ ಇಬ್ಬರೂ ಒಂದೇ ಅಚ್ಚು: ಒದೆಯುವುದು, ಓಡಿಸುವುದು, ನಗುವುದು. ತಂಡದ ಒಳಗುಟ್ಟನ್ನು ಬರೆಲ್‌ಗೆ ಮುಟ್ಟಿಸುತ್ತಿದ್ದವನು ಕಾರ್ವರ್ ಎಂದು ಕೊನೆಗೆ ಡೇನಿಯಲ್ಸ್‌ಗೆ ಗೊತ್ತಾಗುತ್ತದೆ. ಅದಕ್ಕೆ ಸಂಭಾವನೆಯಾಗಿ ಸಾರ್ಜೆಂಟ್ ಪಟ್ಟಿ ಬಂದಿದೆ. ಡೇನಿಯಲ್ಸ್ ಕೂಗಾಡುವುದಿಲ್ಲ. ಮೇಲಿರುವವನು ಏನು ಮಾಡುತ್ತಾನೋ ಕೆಳಗಿನವರು ಅದನ್ನೇ ಕಲಿಯುತ್ತಾರೆ ಎಂಬರ್ಥದ ನಾಲ್ಕು ಮಾತು ಹೇಳಿ ಕಳಿಸುತ್ತಾನೆ. ಕಾರ್ವರ್‌ನ ಮುಖ ನೋಡಬೇಕು ಆಗ. ಹರ್ಕ್ ಮಾತ್ರ ಹಾಗೇ ಉಳಿಯುತ್ತಾನೆ.

ಹರ್ಕ್‌ಗೆ ಸಾರ್ಜೆಂಟ್ ಹುದ್ದೆ ಬರುವುದು ನಾಲ್ಕನೇ ಸೀಸನ್ನಿನಲ್ಲಿ. ಮೇಯರ್ ರಾಯ್ಸ್‌ನ ಭದ್ರತೆಗಿದ್ದಾಗ ಬಾಗಿಲು ತಟ್ಟದೆ ಒಳಗೆ ಹೋದ. ಮೇಯರ್ ತನ್ನ ಕಾರ್ಯದರ್ಶಿ ಹೆಂಗಸಿನ ಜೊತೆ ಇರಬಾರದ ಸ್ಥಿತಿಯಲ್ಲಿದ್ದ. ಹರ್ಕ್‌ಗೆ ಕೆಲಸ ಹೋಯಿತೆಂಬ ನಡುಕ. ಸಲಹೆ ಕೇಳಲು ಹೋದದ್ದು ಯಾರ ಹತ್ತಿರ? ನಮ್ಮ ಕಿಟಕಿ ವಾಲ್ಚೆಕ್. ಅವನು ನಕ್ಕು, ಏನೂ ನೋಡದವನ ಹಾಗೆ ಸುಮ್ಮನಿರು, ಇದಕ್ಕಿಂತ ಕಡಿಮೆಯದಕ್ಕೆ ಎಂತೆಂಥವರೋ ಮೇಲೇರಿದ್ದಾರೆ ಎಂದು ಹರಸಿ ಕಳಿಸುತ್ತಾನೆ. ಹರ್ಕ್ ಸುಮ್ಮನಿದ್ದ. ಮೂರು ಪಟ್ಟಿ ತೋಳಿಗೇರಿತು. ಪರೀಕ್ಷೆ ಇಲ್ಲ, ಜ್ಯೇಷ್ಠತೆ ಇಲ್ಲ, ತಟ್ಟದ ಒಂದು ಬಾಗಿಲು.

ಕಾರ್ವರ್ ಅಷ್ಟರಲ್ಲಿ ಕಾಲ್ವಿನ್ ಕೈಕೆಳಗೆ ಬಿದ್ದು ಪೊಲೀಸ್ ಕೆಲಸ ಅಂದರೇನು ಎಂದು ಮೊದಲಿಂದ ಕಲಿಯುತ್ತಿದ್ದಾನೆ. ನಿನ್ನ ಬೀಟಿನ ಜನರ ಹೆಸರು ನಿನಗೆ ಗೊತ್ತಾ ಎಂದು ಕಾಲ್ವಿನ್ ಕೇಳಿದ್ದು ಅವನ ತಲೆಗೆ ಹೊಕ್ಕಿದೆ. ಮೂಲೆಯಲ್ಲಿ ನಿಲ್ಲುವ ಹುಡುಗರ ಹೆಸರು ಕಲಿಯುತ್ತಾನೆ. ಒಬ್ಬ ಹುಡುಗನನ್ನು ಅನಾಥಾಲಯಕ್ಕೆ ಹೋಗದಂತೆ ಉಳಿಸಲು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಆಗುವುದಿಲ್ಲ. ಐದನೇ ಸೀಸನ್ನಿನಲ್ಲಿ ತನ್ನದೇ ತಂಡದ ಅಧಿಕಾರಿಯೊಬ್ಬ ರಸ್ತೆಯಲ್ಲಿ ಅಮಾಯಕನ ಮೇಲೆ ಕೈ ಮಾಡಿದಾಗ ಅವನ ಮೇಲೆ ವರದಿ ಬರೆಯುತ್ತಾನೆ. ಇಡೀ ಠಾಣೆ ಮುಖ ತಿರುಗಿಸುತ್ತದೆ. ಸಹೋದ್ಯೋಗಿಯ ಮೇಲೆ ವರದಿ ಬರೆದವರ ಪಕ್ಕ ಕ್ಯಾಂಟೀನಿನಲ್ಲಿ ಯಾರೂ ಕೂರುವುದಿಲ್ಲ. ಇದು ಯಾವ ದೇಶದಲ್ಲಾದರೂ ಒಂದೇ ಇದ್ದೀತು. ಹರ್ಕ್ ಅಷ್ಟರಲ್ಲಿ ಇಲಾಖೆಯಿಂದ ಹೊರಬಿದ್ದು, ಡ್ರಗ್ಸ್ ದೊರೆಗಳ ವಕೀಲನ ಬಳಿ ಹೆಚ್ಚು ಸಂಬಳಕ್ಕೆ ಸೇರಿರುತ್ತಾನೆ.

ಇನ್ನು ಆ ಕಡತ. ಮೊದಲ ಸೀಸನ್ನಿನಲ್ಲಿ ಬರೆಲ್ ತೋರಿಸಿ ಹೆದರಿಸಿದ ಎಫ್‌ಬಿಐ ಕಾಗದಗಳು ಐದು ಸೀಸನ್ ಉದ್ದಕ್ಕೂ ಸಾಯುವುದಿಲ್ಲ. ಬರೆಲ್ ಹೋಗುವಾಗ ಅದು ನಗರ ಸಭೆಯ ಅಧ್ಯಕ್ಷೆ ನೆರಿಸ್ ಕ್ಯಾಂಪ್‌ಬೆಲ್ ಕೈ ಸೇರುತ್ತದೆ. ಡೇನಿಯಲ್ಸ್ ಕೊನೆಗೂ ಆಯುಕ್ತ. ಕಾರ್ಸೆಟ್ಟಿಗೆ ಗವರ್ನರ್ ಆಗುವ ಆಸೆ, ಅದಕ್ಕೆ ಇಳಿದ ಅಂಕಿ ಬೇಕು. ತಿದ್ದು ಎಂದರು. ತಿದ್ದುವುದಿಲ್ಲ ಎಂದ. ನೆರಿಸ್ ಕಡತ ತೆಗೆದಳು. ಅದು ಹೊರಬಂದರೆ ಮಾಜಿ ಹೆಂಡತಿ ಮಾರ್ಲಾಳ ರಾಜಕೀಯವೂ, ಈಗಿನ ಸಂಗಾತಿ ರೋಂಡಾಳ ಕೆಲಸವೂ ಮಣ್ಣುಪಾಲು. ಹುದ್ದೆ ಬಿಟ್ಟು ಹೋದ.

ನನಗೆ ಸಿಟ್ಟು ಬರುವುದು ಇಲ್ಲಿ, ವೃತ್ತಿಸಹಜವಾದ ಸಿಟ್ಟು. ನಮ್ಮಲ್ಲಿ ಮೊಹರು ಲಕೋಟೆ ಪದ್ಧತಿ ಇದೆ. ಇಲಾಖಾ ವಿಚಾರಣೆ ಎದುರಿಸುತ್ತಿರುವವರ ಹೆಸರನ್ನೂ ಬಡ್ತಿ ಸಮಿತಿ ಪರಿಗಣಿಸಿ, ತೀರ್ಮಾನವನ್ನು ಲಕೋಟೆಯಲ್ಲಿಟ್ಟು ಅರಗು ಹಾಕಬೇಕು. ವಿಚಾರಣೆಯಲ್ಲಿ ಪೂರ್ತಿ ದೋಷಮುಕ್ತರಾದರೆ ಒಡೆದು ಬಡ್ತಿ ಕೊಡಬೇಕು. ಯಾವ ಹಂತದಿಂದ ಲಕೋಟೆ? 1991ರಲ್ಲಿ ಜಾನಕಿರಾಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಹೇಳಿತು: ದೋಷಾರೋಪಣಾ ಪತ್ರ ಕೊಟ್ಟ ಮೇಲೆ. ಬರೀ ಪ್ರಾಥಮಿಕ ತನಿಖೆ ನಡೆಯುತ್ತಿದೆ, ಯಾರೋ ಅರ್ಜಿ ಹಾಕಿದ್ದಾರೆ ಎಂದು ಬಡ್ತಿ ತಡೆಯುವಂತಿಲ್ಲ. ಎಷ್ಟು ಟಿಪ್ಪಣಿಗಳಲ್ಲಿ ನಾನು ಈ ತೀರ್ಪನ್ನು ಬರೆದಿಲ್ಲ! ಬರೆದರೂ ಕೆಲವು ಕಡತ ಸಭೆಯ ದಿನ ಬೆಳಗ್ಗೆ ಕಾಣೆಯಾಗುತ್ತಿತ್ತು. ಸಭೆ ಮುಗಿದ ಸಂಜೆ ಬೀರುವಿನ ಮೇಲೇ ಸಿಗುತ್ತಿತ್ತು. ಅದು ಬೇರೆ ಮಾತು. ಕನಿಷ್ಠ ಬರೆಯಲಿಕ್ಕೆ ಒಂದು ತೀರ್ಪಿತ್ತು. ಡೇನಿಯಲ್ಸ್‌ನ ಕಡತದಲ್ಲಿ ದೋಷಾರೋಪಣೆಯೇ ಇಲ್ಲ. ಅವನು ಹಣ ತೆಗೆದುಕೊಂಡಿದ್ದನೋ ಇಲ್ಲವೋ, ನೋಡುವವರಿಗೆ ಅನುಮಾನ ಉಳಿಯುವಂತೆಯೇ ಸೈಮನ್ ಬರೆದಿದ್ದಾನೆ. ತಪ್ಪಿದ್ದರೆ ಅಂದೇ ವಿಚಾರಣೆ ಮಾಡಿ ಶಿಕ್ಷೆ ಕೊಡಬೇಕಿತ್ತು. ಕೊಟ್ಟುಬಿಟ್ಟರೆ ಡ್ರಾಯರ್ ಖಾಲಿಯಾಗುತ್ತದಲ್ಲ, ಆಮೇಲೆ ಹೆದರಿಸುವುದು ಯಾವುದನ್ನು ತೋರಿಸಿ?

ಕೊನೆಗೆ ಯಾರ್ಯಾರು ಎಲ್ಲೆಲ್ಲಿ ಎಂದರೆ, ಕಾರ್ಸೆ​ಟ್ಟಿ ಗವರ್ನರ್. ನೆರಿಸ್ ಮೇಯರ್. ರಾಲ್ಸ್ ರಾಜ್ಯ ಪೊಲೀಸ್ ಮುಖ್ಯಸ್ಥ. ಬಾಲ್ಟಿಮೋರ್ ನಗರದ ಪೊಲೀಸ್ ಆಯುಕ್ತರು, ಶ್ರೀ ಸ್ಟಾನಿಸ್ಲಾಸ್ ವಾಲ್ಚೆಕ್. ಡೇನಿಯಲ್ಸ್ ಕೋರ್ಟಿನಲ್ಲಿ ಆರೋಪಿಗಳ ಪರ ವಕೀಲ.

ಹೋಗುವ ಮುಂಚೆ ಡೇನಿಯಲ್ಸ್ ಒಂದು ಕೆಲಸ ಮಾಡಿದ. ತಕ್ಷಣ ರಾಜೀನಾಮೆ ಕೊಡದೆ, ಬಡ್ತಿ ಸಮಾರಂಭ ಮುಗಿಯುವವರೆಗೆ ಕುರ್ಚಿಯಲ್ಲಿದ್ದು ಕಾರ್ವರ್‌ನನ್ನು ಲೆಫ್ಟಿನೆಂಟ್ ಮಾಡಿದ. ಹಿಂದೊಮ್ಮೆ ತನ್ನ ಬೆನ್ನಿಗೆ ಚೂರಿ ಹಾಕಿದ್ದವನನ್ನೇ. ಅಣ್ಣನ ಮಗ ಆ ದೃಶ್ಯಕ್ಕೆ ಕಣ್ಣು ಒರೆಸಿಕೊಂಡ. ನನಗೆ ಬಂದ ಯೋಚನೆಯೇ ಬೇರೆ. ಹೊರಡುವ ಆಯುಕ್ತ ಕೊನೆ ಗಳಿಗೆಯಲ್ಲಿ ಸಹಿ ಹಾಕಿದ ಆದೇಶ ಇದು. ನಮ್ಮಲ್ಲಾಗಿದ್ದರೆ ಕೈತಪ್ಪಿದ ಒಬ್ಬನಾದರೂ ಸೋಮವಾರವೇ ಕೆಎಟಿಗೆ, ಅಂದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ, ಹೋಗಿ ತಡೆಯಾಜ್ಞೆ ತರುತ್ತಿದ್ದ. ವಾಲ್ಚೆಕ್ ಆಯುಕ್ತನಾಗಿ ಕೂತು ಎದುರು ಪ್ರಮಾಣಪತ್ರ ಹಾಕಲು ಮೀನಮೇಷ ಎಣಿಸುತ್ತಿದ್ದ. ಅರ್ಜಿಯ ಒಂದೊಂದು ಕಂಡಿಕೆಗೂ ಉತ್ತರ, ನಮ್ಮ ಭಾಷೆಯಲ್ಲಿ ಕಂಡಿಕೆವಾರು ಷರಾ, ಬರೆಯಲು ಕಡತ ಸಿಬ್ಬಂದಿ ಶಾಖೆಗೆ ಬರುತ್ತಿತ್ತು. ಬರಲಿ ಬಿಡಿ. ಕಾರ್ವರ್ ಪರವಾಗಿ ಮೊದಲ ಮೂರು ಕಂಡಿಕೆಗೆ ಏನು ಬರೆಯಬೇಕೆಂದು ನಾನು ಆಗಲೇ ಯೋಚಿಸಿ ಇಟ್ಟುಕೊಂಡಿದ್ದೇನೆ.